ಸರ್ಕಿಟ್ಟು ನುಂಗಿದ ಕೊನೆಯ ಶಬ್ದ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ವಿಭಾಗದ ಆ ಸರ್ಕಿಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಇದ್ದಬದ್ದ ದೋಷವೆಲ್ಲ ಅದರ ಮೈಕಿನ ಮುಂದೆ ಕುಳಿತವನಲ್ಲಿತ್ತು. ಒಂದು ಸೆಮಿಸ್ಟರಿನ ಕೊನೆಯ ಅರ್ಧ, ನಮ್ಮ ಮುಖ್ಯಸ್ಥರಿಂದ ಹಿಡಿದು ನೆಲ ಒರೆಸುವ ಅಕ್ಕನವರೆಗೆ ಎಲ್ಲರೂ ಆ ಸರ್ಕಿಟ್ಟು ನುಂಗಿಹಾಕಿದ ಒಂದು ಶಬ್ದವನ್ನು ಹುಡುಕಿದರು. ಅಂಥದೊಂದು ಶಬ್ದ ಹುಟ್ಟಿಯೇ ಇರಲಿಲ್ಲ ಎಂದು ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಹಾಗಿದ್ದೂ ಎಲ್ಲರಿಗಿಂತ ಮುಂದೆ ನಿಂತು, ಹುಬ್ಬು ಗಂಟಿಕ್ಕಿ, ಟಾರ್ಚು ಹಿಡಿದು ನಾನೂ ಹುಡುಕಿದೆ. ನಟನೆಯಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಹೆಸರು. ಬುದ್ಧಿಯ ವಿಷಯದಲ್ಲಿ ಹೆಸರು ಬರುವುದು ಇನ್ನೂ ಬಾಕಿ ಇದೆ.

ನನ್ನ ಕಸುಬು ಮಣಿಪಾಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ಇನ್‌ಸ್ಟ್ರಕ್ಟರ್. ನನ್ನ ಚಟ ಬೇರೆಯವರ ದನಿ ಕದಿಯುವುದು. ಎರ್ಮಾಳಿನ ಕಡಲ ಬದಿಯಲ್ಲಿ ಬೆಳೆದವನು. ಮೀನು ಏಲಂ ಕೂಗುವವರ ದನಿಯನ್ನು ಮಾತು ಕಲಿಯುವ ಮೊದಲೇ ಕಲಿತೆನೆಂದು ಅಮ್ಮ ಹೇಳುತ್ತಾಳೆ. ಆಮೇಲೆ ಶಾಲೆಯ ಹೆಡ್‌ಮಾಸ್ಟರು, ಆಮೇಲೆ ಊರಿನ ಭಟ್ಟರು, ಶಿರ್ವದ ಕಡೆಯ ಗಲ್ಫ್ ಮಾವಂದಿರು, ಕೊನೆಗೆ ಬಸ್ ಕಂಡಕ್ಟರುಗಳು. ‘ಕಾಪು-ಎರ್ಮಾಳ್-ಪಡುಬಿದ್ರಿ-ಮುಲ್ಕಿ’ ಎಂದು ಒಂದೇ ಉಸಿರಿನಲ್ಲಿ, ಮೂಗಿನ ಬಲ ಹೊಳ್ಳೆಯಿಂದ ಮಾತ್ರ ಹೊರಡಿಸುವ ಆ ಕೂಗು ನನ್ನ ಅತ್ಯುತ್ತಮ ಸಾಧನೆ. ಒಮ್ಮೆ ಕಾಪು ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಕುಳಿತು ತಮಾಷೆಗೆ ‘ಹೋಲ್ಡಾನ್!’ ಎಂದೆ; ಡ್ರೈವರು ನಡುರಸ್ತೆಯಲ್ಲಿ ಬ್ರೇಕ್ ಹಾಕಿಬಿಟ್ಟರು. ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ಕಂಡಕ್ಟರು ತನ್ನ ಬಾಯಿಯನ್ನೇ ಅನುಮಾನದಿಂದ ಮುಟ್ಟಿ ನೋಡಿಕೊಂಡ. ಅಂಥ ದಿನಗಳಲ್ಲಿ ನನಗೆ ಬದುಕಿನಲ್ಲಿ ಏನೋ ಸಾಧಿಸಿದ ತೃಪ್ತಿ.

ಇಂಥವನ ಕೈಗೆ ನಮ್ಮ ಮುಖ್ಯಸ್ಥರು ‘ಕೇಯಾಸ್’ ಎಂಬ ವಿಷಯವನ್ನು ಕೊಟ್ಟರು. ಮುಖ್ಯಸ್ಥರೆಂದರೆ ಕಾರ್ಕಳದ ಹೆಗ್ಡೆ ಸರ್. ಪ್ರತಿ ವಾಕ್ಯಕ್ಕೂ ಮೊದಲು ಗಂಟಲು ಸರಿಮಾಡಿಕೊಂಡು, ವಾಕ್ಯ ಮುಗಿದ ಮೇಲೆ ಅದು ಸರಿಯಾಗಿ ಕುಳಿತಿತೇ ಎಂದು ಕನ್ನಡಕದ ಮೇಲಿನಿಂದ ನೋಡುವವರು. ಆ ಗಂಟಲಿನ ಸದ್ದು ನನಗೆ ಅವರಿಗಿಂತ ಚೆನ್ನಾಗಿ ಬರುತ್ತದೆ. “ಕೇಯಾಸ್ ಅಂದರೆ ಗಲಾಟೆ ಅಲ್ಲ ಮಾರಾಯ,” ಎಂದರು. “ಗಲಾಟೆ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮೊದಲೇ ಉಂಟು, ಅದಕ್ಕೆ ಹೊಸ ಉಪಕರಣ ಬೇಡ. ಇದು ನಿಯಮ ಇರುವ ಗಲಾಟೆ. ನಿಯಮ ಗೊತ್ತುಂಟು, ಆದರೂ ನಾಳೆ ಎಂತ ಆಗ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಅರ್ಥ ಆಯ್ತಾ?” ಅರ್ಥವಾಯಿತೆಂದೆ. ನಿಯಮ ಗೊತ್ತಿದ್ದೂ ನಾಳೆ ಏನಾಗುತ್ತದೆಂದು ಹೇಳಲಾಗದ ಸ್ಥಿತಿಯಲ್ಲಿಯೇ ಟೆಂಪರರಿ ನೌಕರರೆಲ್ಲ ಇರುವುದಲ್ಲವೇ.

ಮೊದಲು ಜೋಡಿ ಲೋಲಕ ಮಾಡಿದೆವು. ಒಂದು ಕಡ್ಡಿಯ ತುದಿಗೆ ಇನ್ನೊಂದು ಕಡ್ಡಿ. ಮೇಲಕ್ಕೆತ್ತಿ ಬಿಟ್ಟರೆ ಅದು ಕುಣಿಯುವ ರೀತಿ ನೋಡಬೇಕು. ಮದುವೆಯ ಮೆರವಣಿಗೆಯಲ್ಲಿ ವರನ ಗೆಳೆಯರು ಕುಣಿದ ಹಾಗೆ, ಕೈ ಎಲ್ಲಿಗೋ ಕಾಲು ಎಲ್ಲಿಗೋ. ಮತ್ತೆ ಅದೇ ಜಾಗದಿಂದ ಬಿಟ್ಟರೆ ಮೊದಲ ಎರಡು ತೂಗಾಟ ಅಚ್ಚು ಹಿಂದಿನಂತೆಯೇ, ಆಮೇಲೆ ಬೇರೆಯೇ ಕುಣಿತ. ಬೆರಳಿನಿಂದ ಬಿಟ್ಟದ್ದು ತಪ್ಪೆಂದು ವಿದ್ಯುತ್ಕಾಂತ ಇಟ್ಟು ಬಿಟ್ಟೆವು. ಆಗಲೂ ಅಷ್ಟೆ, ಸ್ವಲ್ಪ ತಡವಾಗಿ ಬೇರೆಯಾಯಿತು. ಕೂದಲೆಳೆಯಷ್ಟು ವ್ಯತ್ಯಾಸ ಎಲ್ಲೋ ಉಳಿದೇ ಇರುತ್ತದೆ, ಅದು ಬೆಳೆದು ಬೆಳೆದು ಆನೆಯಾಗುತ್ತದೆ. ಇದನ್ನು ವಿವರಿಸಲು ಎಲ್ಲಿಯದೋ ಚಿಟ್ಟೆಯೊಂದರ ರೆಕ್ಕೆಯನ್ನು ಎಳೆತರುವ ಅಭ್ಯಾಸ ಪಾಠ ಮಾಡುವವರಿಗುಂಟು. ನಾನು ಚಿಟ್ಟೆಗೆ ತೊಂದರೆ ಕೊಡುವುದಿಲ್ಲ. ಒಂದು ಪ್ರತ್ಯಯ ಸಾಕು ಎಂದು ನನಗೆ ಈಗ ಗೊತ್ತು.

ಆಮೇಲೆ ನಲ್ಲಿ. ನಲ್ಲಿಯನ್ನು ನಿಧಾನ ತಿರುಗಿಸಿದರೆ ಹನಿಗಳು ಗಡಿಯಾರದಂತೆ ಬೀಳುತ್ತವೆ. ಇನ್ನೂ ತುಸು ತಿರುಗಿಸಿದರೆ ಒಂದು ಉದ್ದ, ಒಂದು ಗಿಡ್ಡ. ಮತ್ತೂ ತುಸು ತಿರುಗಿಸಿದರೆ ಲೆಕ್ಕವೇ ಇಲ್ಲ. ಆದರೆ ಒಂದು ಹನಿಗೂ ಮುಂದಿನ ಹನಿಗೂ ನಡುವಿನ ಸಮಯವನ್ನು ಅಳೆದು, ಪ್ರತಿಯೊಂದನ್ನೂ ಅದರ ಹಿಂದಿನದರ ಎದುರಿಗೆ ಚುಕ್ಕಿಯಿಟ್ಟು ನೋಡಿದರೆ ಲೆಕ್ಕವಿಲ್ಲದ್ದರಲ್ಲಿ ಒಂದು ಚಂದದ ಗೆರೆ ಮೂಡುತ್ತದೆ. ಲ್ಯಾಬಿನ ನಲ್ಲಿಯಲ್ಲಿ ಸದಾ ಯಾರಾದರೂ ಟಿಫಿನ್ ಡಬ್ಬಿ ತೊಳೆಯುತ್ತಿದ್ದುದರಿಂದ ನಾನು ಮನೆಯ ಬಚ್ಚಲಿನಲ್ಲಿ ಲೇಸರ್ ಪಾಯಿಂಟರು, ಸೆನ್ಸರು ಜೋಡಿಸಿದೆ. ಮೀನು ತೊಳೆಯಲು ಬಂದ ಅಮ್ಮ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದಳು. “ನಲ್ಲಿ ಸೋರಿದರೆ ವಾಷರ್ ಹಾಕಬೇಕು ಮಗಾ,” ಎಂದಳು ತುಳುವಿನಲ್ಲಿ. “ನೀನು ಅದಕ್ಕೆ ಇಸಿಜಿ ಮಾಡ್ತಿದ್ದೀಯಲ್ಲ!” ಸಂಜೆ ನೋಡಿದರೆ ನಲ್ಲಿಗೆ ಬಟ್ಟೆಯ ಚೂರು ಕಟ್ಟಿತ್ತು, ಸೆನ್ಸರಿನ ಮೇಲೆ ಬಂಗುಡೆಯ ಹುರುಪೆ ಅಂಟಿತ್ತು.

ಹೆಗ್ಡೆ ಸರ್ ಇದನ್ನೆಲ್ಲ ಕೇಳಿ ಗಂಟಲು ಸರಿಮಾಡಿಕೊಂಡರು. “ಎಲ್ಲ ಸರಿ. ಅಪ್ಲಿಕೇಶನ್ ಎಂತ?” ಅವರಿಗೆ ಎಲ್ಲದಕ್ಕೂ ಅಪ್ಲಿಕೇಶನ್ ಬೇಕು. ಸೂರ್ಯಾಸ್ತ ತೋರಿಸಿದರೂ ಅಪ್ಲಿಕೇಶನ್ ಕೇಳುವವರು. ಹಾಗೆ ಬಂದದ್ದು ಜೋಡಿ ಸರ್ಕಿಟ್ಟು. ಅದರ ಕೆಲಸಕ್ಕೆಂದು ಒಂದು ಸೆಮಿಸ್ಟರಿನ ಮಟ್ಟಿಗೆ ಬಂದವಳು ನೀಲಾಂಬಿಕಾ.

ಗದಗದ ಕಡೆಯ ಹಳ್ಳಿ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಬಂದ ದಿನ ಲ್ಯಾಬಿನ ಬಾಗಿಲಲ್ಲಿ ನಿಂತು, “ಕೇಯಾಸ್ ಇಲ್ಲೇ ಐತೇನ್ರಿ?” ಎಂದಳು. ಅಷ್ಟೇ ಸಾಕಾಯಿತು ನನಗೆ; ದನಿಯ ಕಳ್ಳನಿಗೆ ಹೊಸ ಮನೆಯ ಬಾಗಿಲು ತೆರೆದ ಹಾಗೆ. “ಐತ್ರಿ, ಒಳಗ ಬರ್ರಿ, ಕೂಡ್ರಿ, ಚಾ ಕುಡೀತೀರೇನು?” ಎಂದೆ. ಅವಳು ಕಣ್ಣರಳಿಸಿ, “ಅಯ್ಯ, ನೀವೂ ನಮ್ಮ ಕಡೆಯವ್ರೇನ್ರಿ?” ಎಂದಳು. ನಾನು ಎರ್ಮಾಳಿನವನು, ತುಳುವ, ನಿಮ್ಮ ಊರಿನ ದಿಕ್ಕಿಗೂ ತಲೆ ಹಾಕಿದವನಲ್ಲ ಎಂದ ಮೇಲೆ ಅವಳು ನಕ್ಕ ನಗು ಇದೆಯಲ್ಲ, ಅದನ್ನು ಮಾತ್ರ ಇವತ್ತಿಗೂ ನನಗೆ ಅನುಕರಿಸಲು ಬಂದಿಲ್ಲ. ಪ್ರಯತ್ನವಂತೂ ಮಾಡುತ್ತಲೇ ಇದ್ದೇನೆ, ಬಚ್ಚಲಿನಲ್ಲಿ.

ಅಂದಿನಿಂದ ನಾನು ಅವಳೊಡನೆ ಅವಳ ಕನ್ನಡವನ್ನೇ ಆಡಿದೆ. ಅವಳಿಗೂ ಅದು ಹಿತವಾಗಿದ್ದಿರಬೇಕು. ಲ್ಯಾಬಿನಲ್ಲಿ ಉಳಿದವರು ತಮ್ಮೊಳಗೆ ತುಳುವೋ ಕೊಂಕಣಿಯೋ ಆಡುತ್ತಿದ್ದರು, ಅವಳೊಡನೆ ಇಂಗ್ಲಿಷ್. ಪಿಜಿಯ ಕೋಣೆಯಲ್ಲಿ ಜೊತೆಗಿದ್ದವರು ಹಿಂದಿಯವರು. ಕನ್ನಡಕ್ಕೆ ಹಸಿದಾಗ ಅವಳು ನನ್ನ ಮೇಜಿಗೆ ಬರುತ್ತಿದ್ದಳು. ನನ್ನ ಹೆಸರು ಪ್ರಶಾಂತ. ಅವಳ ಬಾಯಲ್ಲಿ “ಪ್ರಶಾಂತ ಸರ”. ಹೆಸರಿಗೂ ವಿಷಯಕ್ಕೂ ಹೊಂದುವುದಿಲ್ಲವೆಂದು ಒಮ್ಮೆ ತಮಾಷೆ ಮಾಡಿದ್ದಳು.

ಈಗ ಸರ್ಕಿಟ್ಟಿನ ಸಂಗತಿ, ಹೆದರಬೇಡಿ, ಬೇಗ ಮುಗಿಸುತ್ತೇನೆ. ಒಂದು ಸುರುಳಿ, ಎರಡು ಕೆಪಾಸಿಟರು, ಇನ್ನೊಂದಿಷ್ಟು ಪುಡಿ ಸಾಮಾನು ಸೇರಿಸಿದರೆ ಅದರ ವೋಲ್ಟೇಜು ಒಮ್ಮೆಯೂ ಹಿಂದಿನ ದಾರಿಯನ್ನು ತುಳಿಯದೆ ಅಲೆಯುತ್ತದೆ. ಆಸಿಲೋಸ್ಕೋಪಿನ ಪರದೆಯಲ್ಲಿ ಆ ಅಲೆದಾಟ ಎರಡು ಸುಳಿಗಳಾಗಿ ಕಾಣುತ್ತದೆ. ನಾನು “ಥೇಟ್ ಬಾಯಿ ಬಿಟ್ಟ ಮರುವಾಯಿ” ಎಂದೆ. ಮರುವಾಯಿ ಏನೆಂದು ಕೇಳಿದಳು. ಚಿಪ್ಪಿನೊಳಗಿರುವ ಜೀವಿ, ಅಮ್ಮ ಸುಕ್ಕ ಮಾಡುತ್ತಾಳೆ ಎಂದೆ. ಸಸ್ಯಾಹಾರಿ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು, “ನಂಗ ಜೋಡಿ ಚಕ್ಕಲಿ ಕಂಡಂಗ ಆಗತೈತ್ರಿ,” ಎಂದಳು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಅದು ಚಕ್ಕಲಿಯೇ. ಮರುವಾಯಿಯನ್ನು ನಾನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಕೇಳಿದ್ದರೆ ಅಮ್ಮನಿಗೆ ಆವತ್ತೇ ಅನುಮಾನ ಬರುತ್ತಿತ್ತು.

ಅಂಥದೇ ಎರಡನೆಯ ಸರ್ಕಿಟ್ಟನ್ನು ಬೇರೆ ಕೋಣೆಯಲ್ಲಿ ಮಾಡಿದರೆ ಅದೂ ಅಲೆಯುತ್ತದೆ, ತನ್ನದೇ ಹುಚ್ಚಿನಲ್ಲಿ. ಆದರೆ ಮೊದಲನೆಯದರಿಂದ ಒಂದು ತಂತಿ ಎಳೆದು ಅದರ ಕಿವಿಗೆ ಕೊಟ್ಟರೆ, ಎರಡನೆಯದು ತನ್ನ ಹುಚ್ಚು ಬಿಟ್ಟು ಮೊದಲನೆಯದರ ಹುಚ್ಚನ್ನೇ ಚಾಚೂ ತಪ್ಪದೆ ಅನುಸರಿಸತೊಡಗುತ್ತದೆ. ಅಂದರೆ ಅದು ನನ್ನಂಥ ಸರ್ಕಿಟ್ಟು. ಅದನ್ನು ಕಂಡಾಗ ಎಲ್ಲೋ ಕಳೆದುಹೋದ ತಮ್ಮ ಸಿಕ್ಕಿದಷ್ಟು ಸಂತೋಷವಾಯಿತು ನನಗೆ. ಇದರ ಅಪ್ಲಿಕೇಶನ್ ಗುಟ್ಟು ಮಾತು. ಮೊದಲನೆಯದರ ಗದ್ದಲದಲ್ಲಿ ನಿಮ್ಮ ಮಾತನ್ನು ಸಣ್ಣಗೆ ಬೆರೆಸಿ ಕಳಿಸಿ. ದಾರಿಯಲ್ಲಿ ಕದ್ದು ಕೇಳಿದವರಿಗೆ ಕುಚ್ಚಲಕ್ಕಿ ಕುದಿಯುವ ಸದ್ದು ಮಾತ್ರ. ಎರಡನೆಯದು ಅದೇ ಗದ್ದಲವನ್ನು ತಾನೇ ಹುಟ್ಟಿಸಿಕೊಂಡು, ಬಂದದ್ದರಿಂದ ಕಳೆದುಬಿಡುತ್ತದೆ. ಉಳಿಯುವುದು ಮಾತು. ಷರತ್ತು ಒಂದೇ: ಎರಡರ ಸಾಮಾನೂ ಒಂದೇ ತೂಕದ್ದಾಗಿರಬೇಕು. ತುಸು ಹೆಚ್ಚುಕಡಿಮೆಯಾದರೆ ಮಾತು ಅಲ್ಲಲ್ಲಿ ಹರಿದುಹೋಗುತ್ತದೆ. ನಮ್ಮೂರಿನ ಉಪ್ಪುಗಾಳಿಗೆ ತಾಮ್ರದ ಕೀಲುಗಳೇ ಹಸುರಾಗುವಾಗ ಒಂದೇ ತೂಕ ಕಾಯುವುದು ಸುಲಭದ ಮಾತಲ್ಲ. ನೀಲಾ ಕೆಪಾಸಿಟರುಗಳನ್ನು ಒಂದೊಂದಾಗಿ ಅಳೆದು, ಜೋಡಿ ಹೊಂದುವವನ್ನು ಆರಿಸಿ ಬದಿಗಿಡುತ್ತಿದ್ದಳು. “ಕನ್ಯಾ-ವರ ನೋಡಿದಂಗ ಆತ್ರಿ ಇದು,” ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಒಳಗೊಳಗೆ ನನ್ನ ಕೀಲುಗಳೂ ಹಸುರಾಗುತ್ತಿದ್ದವು.

ಕಳಿಸುವ ತುದಿ ನನ್ನ ಲ್ಯಾಬಿನಲ್ಲಿ, ಕೇಳುವ ತುದಿ ಕಾರಿಡಾರಿನ ಆಚೆ ಅವಳ ಕೋಣೆಯಲ್ಲಿ. ನಾನು ಮೈಕಿನಲ್ಲಿ ಮಾತಾಡಬೇಕು, ಅವಳು ಹೆಡ್‌ಫೋನು ಹಾಕಿ ಕೇಳಿ, ಕೇಳಿದ್ದನ್ನು ಬಾಗಿಲಿಗೆ ಬಂದು ಹೇಳಬೇಕು. ನಾನು ಕಂಡಕ್ಟರನಾಗಿ ಬಸ್ ಬಿಟ್ಟೆ, ಏಲಂ ಕೂಗಿದೆ, ಹೆಗ್ಡೆ ಸರ್ ಆಗಿ ಗಂಟಲು ಸರಿಮಾಡಿಕೊಂಡೆ. ಗಂಟಲಿನ ಸದ್ದೂ ಸ್ಪಷ್ಟವಾಗಿ ಬಂತೆಂದು ಅವಳು ನಗುತ್ತ ಬಂದಾಗ ಹೆಗ್ಡೆ ಸರ್ ಅವಳ ಹಿಂದೆಯೇ ನಿಂತಿದ್ದರು. “ಒಳ್ಳೆ ಕ್ಲಾರಿಟಿ ಉಂಟು,” ಎಂದಷ್ಟೇ ಹೇಳಿ ಹೋದರು. ಯಾರ ಗಂಟಲೆಂದು ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ದೊಡ್ಡವರಾದರೋ, ನನಗೆ ತಿಳಿಯದು.

ಒಂದು ಭಾನುವಾರ ವಿಭಾಗದವರೆಲ್ಲ ಕಾಪುವಿನ ಲೈಟ್‌ಹೌಸಿಗೆ ಹೋದೆವು. ನೀಲಾ ಕಡಲನ್ನು ಅಷ್ಟು ಹತ್ತಿರದಿಂದ ನೋಡಿದ್ದು ಮೊದಲ ಸಲ. ಬಂಡೆಯ ಮೇಲೆ ಕುಳಿತು ಅಲೆ ಎಣಿಸಿದಳು. ಆಮೇಲೆ, “ಇದಕ್ಕೂ ಒಂದು ಸೆನ್ಸರ್ ಹಚ್ಚೋಣೇನ್ರಿ?” ಎಂದಳು. ನಾನು ಅವಳನ್ನು ನಗಿಸಲು ನನ್ನಲ್ಲಿದ್ದ ದನಿಗಳನ್ನೆಲ್ಲ ಸಾಲಾಗಿ ಬಿಟ್ಟೆ. ನಕ್ಕಳು. ನಕ್ಕು ಮುಗಿದ ಮೇಲೆ ಸೆರಗು ಸರಿಮಾಡಿಕೊಳ್ಳುವಷ್ಟು ಸಹಜವಾಗಿ ಕೇಳಿದಳು: “ಪ್ರಶಾಂತ ಸರ, ಇದರಾಗ ನಿಮ್ಮ ದನಿ ಯಾವುದ್ರಿ?”

ನನ್ನನ್ನು ಇದುವರೆಗೆ ಬಹಳ ಜನ ಬೈದಿದ್ದಾರೆ. ಇಷ್ಟು ಆಳಕ್ಕೆ ಯಾರ ಬೈಗುಳವೂ ಇಳಿದಿರಲಿಲ್ಲ. ಎರ್ಮಾಳಿಗೆ ಬಸ್ಸಿನಲ್ಲಿ ಮರಳುವಾಗ ಅದನ್ನೇ ಯೋಚಿಸಿದೆ. ನನ್ನ ಮನೆಮಾತು ತುಳು. ಕನ್ನಡ ನಮಗೆ ಇಸ್ತ್ರಿ ಹಾಕಿದ ಅಂಗಿ, ಶಾಲೆಗೆ, ಬ್ಯಾಂಕಿಗೆ, ಕಚೇರಿಗೆ ತೊಡುವುದು. ಆದರೂ ಆ ಅಂಗಿಗೂ ನನ್ನದೇ ಬೆವರಿನ ಕಲೆ ಇಲ್ಲವೇ? ಉಂಟು. ‘ಉಂಟು’ ಎನ್ನುವುದೇ ಆ ಕಲೆ. ಅವಳಿಗೆ ಹೇಳಬೇಕಾದ ಒಂದೇ ಒಂದು ಮಾತನ್ನಾದರೂ ಕಂಡಕ್ಟರನಾಗದೆ, ಗದಗದವನಾಗದೆ, ನಾನಾಗಿಯೇ ಹೇಳಬೇಕೆಂದು ನಿಶ್ಚಯಿಸಿದೆ. ಎದುರಿಗೆ ನಿಂತು ಹೇಳುವ ಧೈರ್ಯವಿರಲಿಲ್ಲ. ಗುಟ್ಟು ಮಾತಿಗೆಂದೇ ಕಟ್ಟಿದ ಯಂತ್ರವಿರುವಾಗ ಎದುರಿಗೇಕೆ?

ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತು. ಪರದೆಯಲ್ಲಿ ಎರಡು ಸರ್ಕಿಟ್ಟುಗಳೂ ಹೆಜ್ಜೆಗೆ ಹೆಜ್ಜೆ ಸೇರಿವೆಯೆಂದು ತೋರಿಸುವ ಓರೆಗೆರೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಆಚೆ ಅವಳು ಹೆಡ್‌ಫೋನು ಹಾಕಿದ್ದಳು. ನಾನು ಮೈಕಿಗೆ ಬಗ್ಗಿ, ನನ್ನದೇ ದನಿಯಲ್ಲಿ, ಅದು ಅಷ್ಟು ಸಪೂರವೆಂದು ನನಗೇ ಗೊತ್ತಿರಲಿಲ್ಲ, ಹೇಳಿದೆ: “ನೀಲಾ, ಮದುವೆ ಆಗುವ.”

ಕಾರಿಡಾರಿನಲ್ಲಿ ಚಪ್ಪಲಿಯ ಸದ್ದು. ಬಾಗಿಲಿಗೆ ಬಂದಳು. ಮುಖದಲ್ಲಿ ನಾಚಿಕೆ ಹುಡುಕಿದೆ, ಸಿಟ್ಟು ಹುಡುಕಿದೆ. ಇದ್ದದ್ದು ಎಂಜಿನಿಯರನ ಚಿಂತೆ. “ಅರ್ಧಾನs ಬಂತ್ರಿ,” ಎಂದಳು. “‘ನೀಲಾ, ಮದುವೆ ಆಗುವ’ ತನಕ ಚೊಲೋ ಕೇಳಿತು. ಮುಂದಿಂದು ಕಟ್ ಆತು.”

“ಮುಂದಿನದ್ದಾ?” ಎಂದೆ.

“ಹೌದ್ರಿ. ಆಗುವ ಏನು? ಆಗುವ ಹುಡುಗನೋ, ಆಗುವ ಮಂಟಪಾನೋ? ನಮ್ಮಪ್ಪ ಕನ್ನಡ ಮಾಸ್ತರ ಅದಾರ್ರಿ. ‘ಆಗುವ’ ಅನ್ನೂದು ಕೃದಂತ. ಅದರ ಮುಂದ ಒಂದು ನಾಮಪದ ಬರಾಕs ಬೇಕು.”

ಓದುಗರಲ್ಲಿ ಘಟ್ಟದ ಮೇಲಿನವರಿದ್ದರೆ ಅವರಿಗಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ‘ಹೋಗುವ’ ಎಂದರೆ ಹೋಗೋಣ, ‘ತಿನ್ನುವ’ ಎಂದರೆ ತಿನ್ನೋಣ. ‘ಆಗುವ’ ಎಂದರೆ ಆಗೋಣ, ಪೂರ್ಣವಿರಾಮ. ಅವಳ ಊರಿನಲ್ಲಿ ಅದು ‘ಆಗೋಣು’. ನಮ್ಮ ಪೂರ್ಣವಾಕ್ಯ ಅವರಿಗೆ ಬಾಲ ಕಡಿದ ಹಲ್ಲಿ. ನಾನು ಎಂದಿನ ಹಾಗೆ ಅವಳ ಕನ್ನಡವನ್ನು ನಕಲು ಮಾಡಿ ಕೇಳಿದ್ದರೆ ಮೊದಲ ಏಟಿಗೇ ಅರ್ಥವಾಗಿಬಿಡುತ್ತಿತ್ತು. ಜೀವಮಾನದಲ್ಲಿ ಒಮ್ಮೆ ಸ್ವಂತ ದನಿಯಲ್ಲಿ ಮಾತಾಡಿದ್ದಕ್ಕೆ ಸಿಕ್ಕಿದ ಫಲ ಇದು. ಆ ಕ್ಷಣ ನಾನು ಹೇಳಬೇಕಿತ್ತು: ವಾಕ್ಯ ಮುಗಿಯಿತು ನೀಲಾ, ಅದಕ್ಕೆ ಬೇಕಾದ ನಾಮಪದಗಳೆಲ್ಲ ಇಲ್ಲಿಯೇ ನಿಂತಿವೆ. ಹೇಳಿದ್ದೇನು? “ಮಂಟಪ್ರಿ. ಮದುವೆ ಆಗುವ ಮಂಟಪ. ಕಾಪುದಾಗ ಒಂದು ಹೊಸಾದು ಕಟ್ಯಾರ, ಬಾಳ ಚೊಲೋ ಐತಿ ಅಂತ ಹೇಳಾಕತ್ತಿದ್ದೆ.” ಮತ್ತೆ ಅವಳ ದನಿ. ಬಿಲ ಕಂಡ ಇಲಿ ಕೂಡ ಅಷ್ಟು ಬೇಗ ಒಳಹೋಗುವುದಿಲ್ಲ.

“ಹಂಗಾದ್ರ ‘ಮಂಟಪ’ದಿಂದ ಮುಂದ ಪೂರ್ತಿ ಹೋಗೇತಿ,” ಎಂದು ಅವಳು ಸ್ಕ್ರೂಡ್ರೈವರು ಎತ್ತಿಕೊಂಡಳು.

ಅಲ್ಲಿಂದ ಶುರುವಾಯಿತು ಶೋಧ. ಹೆಗ್ಡೆ ಸರ್ ಬಂದು ಗಂಟಲು ಸರಿಮಾಡಿಕೊಂಡು, ವಾಕ್ಯದ ಕೊನೆಗೆ ಮಾತಾಡುವವನ ಉಸಿರು ತಗ್ಗುತ್ತದೆ, ಸಂದೇಶ ಸಣ್ಣಗಾಗುತ್ತದೆ, ಅದಕ್ಕೇ ಬೀಳುತ್ತದೆ ಎಂದು ಸಿದ್ಧಾಂತ ಹೊರಡಿಸಿದರು. ನನಗೆ ಕೊನೆಯ ಶಬ್ದವನ್ನು ಜೋರಾಗಿ ಹೇಳುವ ಆಜ್ಞೆಯಾಯಿತು. ಒಂದು ವಾರ ನಾನು ಎಲ್ಲ ವಾಕ್ಯಗಳನ್ನೂ ಬೊಬ್ಬೆಯಲ್ಲಿ ಮುಗಿಸಿದೆ. ಕ್ಯಾಂಟೀನಿನಲ್ಲಿ “ಒಂದು ಗೋಳಿಬಜೆ ಕೊಡಿ!” ಎಂದದ್ದಕ್ಕೆ ಪಕ್ಕದವರು ಚಹಾ ಚೆಲ್ಲಿಕೊಂಡರು. ನೀಲಾ ಕೆಪಾಸಿಟರು ಬದಲಿಸಿದಳು, ಕೀಲುಗಳನ್ನು ಉಜ್ಜಿದಳು, ತಂತಿಯನ್ನೇ ಹೊಸದು ಎಳೆದಳು. ಎಷ್ಟು ಅಳೆದರೂ ದೋಷ ಕಾಣದು. ಬೇರೆ ಯಾವ ವಾಕ್ಯ ಕಳಿಸಿದರೂ ಕೊನೆಯವರೆಗೆ ಬರುತ್ತದೆ. ಕೊನೆಗೆ ಅವಳು, “ಒಂದs ವಾಕ್ಯಕ್ಕ ಆಗೂ ದೋಷ ಇದು. ಅದs ವಾಕ್ಯ ಇನ್ನೊಮ್ಮೆ ಹೇಳ್ರಿ, ನೋಡೂಣು,” ಎಂದಳು. ನಾನು ಮೈಕಿನ ಮುಂದೆ ಕುಳಿತು ಬಾಯಿ ತೆರೆದೆ. ಬಂದದ್ದು ಪಡುಬಿದ್ರಿಗೆ ಹೋಗುವ ಬಸ್ಸು.

ಮರುದಿನವೂ ಕೇಳಿದಳು. ಅದರ ಮರುದಿನವೂ. ಒಂದೊಂದು ಕೆಪಾಸಿಟರು ಬದಲಿಸಿದಾಗಲೂ, “ಅದs ವಾಕ್ಯ, ಅವತ್ತಿನ ದನ್ಯಾಗs ಹೇಳ್ರಿ.” ಆಚೆಯ ಕೋಣೆಯಲ್ಲಿ ಹೆಡ್‌ಫೋನು ಹಾಕಿ ಕಾದು ಕುಳಿತ ಅವಳ ಬೆನ್ನು ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು; ಜಡೆಯ ತುದಿಯನ್ನು ಬೆರಳಿಗೆ ಸುತ್ತಿ ಬಿಡುತ್ತಿದ್ದಳು. ನಾನು ಏಲಂನವನಾದೆ, ಭಟ್ಟರಾದೆ, ಗಲ್ಫ್ ಮಾವನಾದೆ. ನಾಳೆ ಹೇಳಿದರಾಯಿತು, ಗೆರೆ ಇನ್ನಷ್ಟು ನೇರವಾಗಲಿ ಎಂದುಕೊಂಡೆ. ನಾಳೆಗಳು ಹನಿಯಂತೆ ಬಿದ್ದು ಹೋದವು. ಅವಳಿಗೆ ಊರಿನ ಹತ್ತಿರದ ಪಿಯು ಕಾಲೇಜಿನಲ್ಲಿ ಕೆಲಸವಾಯಿತೆಂದು, ಪ್ರಾಜೆಕ್ಟು ಮುಗಿದ ವಾರವೇ ಹೊರಡುತ್ತಾಳೆಂದು ಹೆಗ್ಡೆ ಸರ್ ಹೇಳಿದಾಗ ನಾನು ಅವರದೇ ದನಿಯಲ್ಲಿ “ಒಳ್ಳೇದಾಯ್ತು” ಎಂದುಬಿಟ್ಟೆ, ಅವರ ಎದುರಿಗೇ.

ಈಗ ಆ ಎರಡೂ ಸರ್ಕಿಟ್ಟುಗಳು ನನ್ನ ವಶದಲ್ಲಿವೆ. ಆಚೆಯ ಕೋಣೆ ಖಾಲಿ. ಕೆಲವು ಸಂಜೆ, ಎಲ್ಲರೂ ಹೋದ ಮೇಲೆ, ಎರಡನ್ನೂ ಚಾಲೂ ಮಾಡಿ ಮೈಕಿನಲ್ಲಿ ಆ ಮಾತನ್ನು ಹೇಳುತ್ತೇನೆ. ಹೇಳಿ ಕಾರಿಡಾರಿನಲ್ಲಿ ಓಡಿ ಆಚೆಯ ಹೆಡ್‌ಫೋನು ಕಿವಿಗಿಡುತ್ತೇನೆ. ಅಷ್ಟರಲ್ಲಿ ಮಾತು ಬಂದು ಹೋಗಿರುತ್ತದೆ. ರೆಕಾರ್ಡ್ ಮಾಡಿ ಕೇಳಬಹುದಲ್ಲ ಎನ್ನುತ್ತೀರಿ. ಬಹುದು. ಆದರೆ ಓಡುವಾಗ, ಆ ಬಾಗಿಲು ಮುಟ್ಟುವವರೆಗೆ, ಒಳಗೆ ಯಾರೋ ಕೇಳುತ್ತಿರಬಹುದೆಂಬ ಆಸೆ ಇರುತ್ತದಲ್ಲ, ಅದು ರೆಕಾರ್ಡಿನಲ್ಲಿ ಸಿಗುವುದಿಲ್ಲ. ಹೋದ ವಾರ ನೆಲ ಒರೆಸುವ ಅಕ್ಕ ಈ ಓಟ ನೋಡಿ, “ಸಕ್ಕರೆ ಕಾಯಿಲೆಯಾ ಸರ್? ಓಡಿದರೆ ಇಳೀತದಂತೆ ಅಲ್ವಾ?” ಎಂದು ವಿಚಾರಿಸಿದಳು.

ಅವಳು ಹೊರಟ ದಿನದ ಮಾತೊಂದು ಉಳಿದಿದೆ. ಉಡುಪಿಯ ಬಸ್ ನಿಲ್ದಾಣ, ಸಂಜೆಯ ಬಿಸಿಲು, ಹುಬ್ಬಳ್ಳಿಯ ಬಸ್ಸು. ಅವಳ ಚೀಲ ಹೊತ್ತುಕೊಂಡು ಬಂದಿದ್ದೆ. ಕ್ಲೀನರು ಸಾಮಾನು ಒಳಗಿಡುತ್ತಿದ್ದ. ಇನ್ನು ಹೇಳದಿದ್ದರೆ ಇಲ್ಲ ಎನಿಸಿ, ನನ್ನದೇ ಸಪೂರ ದನಿಯಲ್ಲಿ ಶುರುಮಾಡಿದೆ. “ನೀಲಾ, ಆ ಸರ್ಕಿಟ್ಟಿನಲ್ಲಿ ಎಂತ ತೊಂದರೆಯೂ ಇರ್ಲಿಲ್ಲ. ಮಂಟಪ ಅಂದದ್ದು ಸುಳ್ಳು. ವಾಕ್ಯ ಅಷ್ಟೇ ಇದ್ದದ್ದು. ನಮ್ಮ ಕಡೆ ‘ಆಗುವ’ ಅಂದರೆ...”

“ಆಗೋಣು ಅಂತ,” ಎಂದಳು.

ನಾನು ಚೀಲ ಕೆಳಗಿಟ್ಟೆ.

“ನೀವು ಹೇಳಿ ಒಂದು ವಾರ ಆಗಿತ್ತು, ನಮ್ಮ ಪಿಜಿ ನಡಸೂ ಆಂಟಿ ತಮ್ಮೂರಿಂದ ವಾಪಸ್ ಬಂದ ದಿನ ‘ಬಾ ಮಗಾ, ಊಟ ಮಾಡುವ’ ಅಂದ್ರು. ‘ಮಾಡುವ ಯಾರ್ರಿ ಆಂಟಿ?’ ಅಂತ ಕೇಳಿದೆ. ಅವ್ರು ನಕ್ಕೋತ ತಾಟು ಇಟ್ರು. ಅನ್ನ ಬಾಯಿಗಿಟ್ಟಾಗ ತಿಳೀತ್ರಿ ನಂಗ.” ಅವಳು ಬಸ್ಸಿನ ಕಡೆ ನೋಡಿದಳು. “ತಿಳಿದ ಮ್ಯಾಲೇನ ದಿನಾ ಕೇಳಿದ್ದು, ಇನ್ನೊಮ್ಮೆ ಹೇಳ್ರಿ ಅಂತ. ಕೆಪಾಸಿಟರ್ ಏನೂ ಆಗಿರಲಿಲ್ಲ. ಸುಮ್ಮ ಬಿಚ್ಚಿ ಅದನ್ನs ಹಾಕ್ತಿದ್ದೆ.”

ನಿಲ್ದಾಣದ ಗದ್ದಲವನ್ನೆಲ್ಲ ಒಮ್ಮೆಗೇ ಯಾರೋ ಕಳೆದುಬಿಟ್ಟ ಹಾಗಾಯಿತು. ಉಳಿದದ್ದು ಅವಳ ಮಾತು ಮಾತ್ರ. ಹೆಡ್‌ಫೋನು ಹಾಕಿದ ಆ ಬೆನ್ನು, ಬೆರಳಿಗೆ ಸುತ್ತಿದ ಜಡೆ. ನಾನು ಬಿಟ್ಟ ಬಸ್ಸುಗಳನ್ನೆಲ್ಲ ಅವಳು ಕುಳಿತು ಕೇಳಿದ್ದಳು.

“ಹೋಗ್ಲಿ ಬಿಡ್ರಿ,” ಎಂದಳು. “ಈಗ ಹೇಳ್ರಿ. ಬರೂ ರವಿವಾರ ನಮ್ಮೂರಿಗೆ ಬಂದು, ನಮ್ಮಪ್ಪನ ಮುಂದ ಕುಂತು, ಇದs ದನ್ಯಾಗ ಇದs ಮಾತು ಹೇಳ್ತೀರೇನು?”

ಆಗ ನನ್ನ ತಲೆಯೊಳಗೆ ಏನೇನು ಓಡಿತೆಂದು ಕೇಳಬೇಡಿ. ಕನ್ನಡ ಮಾಸ್ತರು ಕನ್ನಡಕ ಏರಿಸಿ ‘ಎಲ್ಲಪ್ಪಾ ನಿನ್ನ ನಾಮಪದ?’ ಎಂದರು. ಅಮ್ಮ ಮೀನಿನ ಬುಟ್ಟಿ ಹಿಡಿದು ಬೀಗರ ಜಗಲಿಯ ಕೆಳಗೆ ನಿಂತಳು. ನನ್ನಲ್ಲಿದ್ದ ದನಿಗಳೆಲ್ಲ ಸಾಲಾಗಿ ಬಂದು, ಕಂಡಕ್ಟರು, ಭಟ್ಟರು, ಏಲಂನವರು, ಹೆಗ್ಡೆ ಸರ್, ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹಿಂದೆ ಸರಿದರು. ಈ ಕೆಲಸ ಅವರಿಂದಾಗದು, ನಾನೇ ಹೋಗಬೇಕು. ಹೋಗುತ್ತೇನೆ ಎಂದೇ ಬಾಯಿ ತೆರೆದೆ, ಆಣೆ ಮಾಡಿ ಹೇಳುತ್ತೇನೆ. ಆದರೆ ಯೋಚಿಸದೆ ಬಾಯಿ ತೆರೆದ ಕರಾವಳಿಯವನ ನಾಲಿಗೆಯಿಂದ ತಾನಾಗಿ ಉದುರುವ ಶಬ್ದ ಒಂದಿದೆ. ಅದೇ ಉದುರಿತು.

“ನೋಡುವ,” ಎಂದೆ.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕೆಳಗಿಟ್ಟ ಚೀಲವನ್ನು ತಾನೇ ಎತ್ತಿಕೊಂಡು ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿದಳು.

“‘ಆಗುವ’ ಅಂದ್ರೇನು ಅಂತ ಪಿಜಿ ಆಂಟಿ ಒಬ್ರs ಹೇಳಿಕೊಟ್ರು. ‘ನೋಡುವ’ ಅಂದ್ರ ‘ಇಲ್ಲ’ ಅಂತ ನಿಮ್ಮ ಇಡೀ ಜಿಲ್ಲಾನ ಹೇಳಿಕೊಟ್ಟೈತ್ರಿ.”